ಸುರಂಗ ರಸ್ತೆಯಲ್ಲಿ ಹಾಸಿದ ಮದುವೆ ಪಾವು

ಕೊಯಮತ್ತೂರಿನ ಪೇಟೆಯ ನಟ್ಟನಡುವೆ ರೈಲು ಹಳಿ ಹಾದುಹೋಗುತ್ತದೆ. ಹಳಿಯ ಈಚೆ ನಮ್ಮ ನೇಕಾರರ ಬೀದಿ, ಆಚೆ ಇನ್ನೊಂದು. ಎರಡರಲ್ಲೂ ನಮ್ಮವರೇ: ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಡುವೆ ಒಂದು ಗೇಟು. ಅದು ತೆರೆದಿದ್ದನ್ನು ಕಂಡವರು ಪುಣ್ಯವಂತರು. ಪೀಳಮೇಡಿನ ಮಿಲ್ಲಿಗೆ ಸೈಕಲ್ ತುಳಿಯುವವರು, ಹೂವಿನವರು, ಎತ್ತಿನ ಗಾಡಿಯವರು, ಎಲ್ಲರೂ ಅಲ್ಲಿ ಸಾಲುಗಟ್ಟಿ ನಿಂತು ಗೂಡ್ಸ್ ರೈಲು ತೆವಳುವುದನ್ನು ನೋಡುತ್ತಿದ್ದರು. ಹಳಿಯಾಚೆ ಹೆಣ್ಣು ಕೊಟ್ಟರೆ ಮಗಳ ಮುಖಕ್ಕಿಂತ ಗೇಟಿನ ಮುಖವನ್ನೇ ಹೆಚ್ಚು ನೋಡಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಾಗೆ ಹೇಳಿಹೇಳಿಯೇ ಎಂಬತ್ತರ ದಶಕದ ನಡುವೆ ನನ್ನನ್ನು ಹಳಿಯಾಚೆಯ ಮನೆಗೆ ನಿಶ್ಚಯ ಮಾಡಿದರು.

ಅವರಿಗೆ ಆ ಧೈರ್ಯ ಕೊಟ್ಟದ್ದು ಸುರಂಗ ರಸ್ತೆ. ಪೇಟೆಯ ಕೆಳಗೆ, ಹಳಿಯ ಅಡಿಯಲ್ಲಿ ಕಾರು ಬಸ್ಸು ಹೋಗುವಂಥ ದಾರಿ ಬರುತ್ತದೆ ಎಂದು ನಾನು ಲಂಗ ತೊಡುತ್ತಿದ್ದಾಗಿನಿಂದ ಕೇಳುತ್ತಿದ್ದೆವು. ಕೊನೆಗೂ ಅಗೆಯತೊಡಗಿದರು. ಒಂದಾಳುದ್ದ ಅಗೆಯುವುದರೊಳಗೆ ನೀರು ಬಂತು. ನಮ್ಮ ಬೀದಿಯಲ್ಲಿ ಬಾವಿ ತೋಡಿದವರಿಗೆ ಬರೀ ಬಂಡೆ ಸಿಕ್ಕಿತ್ತು. ಸರ್ಕಾರದವರು ರಸ್ತೆ ತೋಡಿದರೆ ಬಾವಿ ಸಿಕ್ಕಿತು ಎಂದು ಎಲ್ಲರೂ ನಕ್ಕರು. ಹಗಲೂ ರಾತ್ರಿ ಪಂಪು ಓಡಿಸಿ, ಕಲ್ಲು ಕಟ್ಟಿ, ಮೇಲೆ ರೈಲು ಓಡುತ್ತಿರುವಂತೆಯೇ ಕೆಳಗೆ ದಾರಿ ಮಾಡಿದರು. ಗೋಡೆಗೆ ಸುಣ್ಣ ಬಳಿದದ್ದೂ ಆಯಿತು. ಆದರೆ ರಿಬ್ಬನ್ ಕತ್ತರಿಸುವ ದೊಡ್ಡವರಿಗೆ ಬಿಡುವಿರಲಿಲ್ಲ. ಎರಡು ಬಾಯಿಗೂ ಅಡ್ಡಗೋಲು ಹಾಕಿ, ಒಬ್ಬ ಕಾವಲುಗಾರನನ್ನು ಕೂರಿಸಿ, ರಸ್ತೆಯನ್ನು ಸುಮ್ಮನೆ ಬಿಟ್ಟರು.

ಈಗ ನನ್ನ ಭಾವೀ ಅತ್ತೆಯ ವಿಷಯ ಹೇಳಬೇಕು. ನಿಶ್ಚಯದ ದಿನ ಅವರು ನನ್ನ ಸೆರಗನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿ ನೋಡಿ, “ನೂಲು ಪರವಾಗಿಲ್ಲ” ಅಂದರು. ನನ್ನ ಬಗ್ಗೆ ಒಂದು ಮಾತಿಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ ಹೆದರಿಕೆಯೂ ಆಯಿತು. ಅಂಥವರ ಮನೆಯಲ್ಲಿ ಬಾಳುವೆ ಮಾಡುವುದು ಹೇಗೆ ಎಂದು ಅಮ್ಮನ ಹತ್ತಿರ ಕಣ್ಣೀರು ಹಾಕಿದೆ.

ಅಮ್ಮನಿಗೆ ಅದಕ್ಕಿಂತ ದೊಡ್ಡ ಚಿಂತೆ ಇತ್ತು. ನಮ್ಮಲ್ಲಿ ಮದುವೆಯ ಸೀರೆಗಳನ್ನು ಅಂಗಡಿಯಿಂದ ತರುವುದಿಲ್ಲ. ಹೆಣ್ಣಿನ ಮನೆಯ ಮಗ್ಗದಲ್ಲಿ ಒಂದೇ ಪಾವಿನಿಂದ, ಅಂದರೆ ಒಂದೇ ಉದ್ದದ ಹಾಸುನೂಲಿನಿಂದ, ಮೊದಲು ಮದುಮಗಳ ಸೀರೆ, ಅದರ ಬೆನ್ನಿಗೆ ಅತ್ತೆಯದು, ಕೊನೆಗೆ ತಾಯಿಯದು ನೇಯಬೇಕು. ಆಮೇಲೆ ಆ ಮೂವರು ಒಂದೇ ಪಾವಿನವರು. ಎಳೆ ಕೆಟ್ಟ ಸೀರೆಯನ್ನು ಬೀಗಿತ್ತಿಗೆ ಕೊಟ್ಟರೆ ಮಾತು ಏಳೇಳು ಬೀದಿ ಸುತ್ತುತ್ತದೆ. ನೇಯುವ ಮೊದಲು ಪಾವನ್ನು ಬೀದಿಯುದ್ದಕ್ಕೂ ಬಿಗಿದು, ಅಕ್ಕಿ ಗಂಜಿ ಹಚ್ಚಿ, ದೊಡ್ಡ ಕುಂಚದಲ್ಲಿ ಎಳೆಎಳೆ ಬಿಡಿಸುತ್ತ ಒಣಗಿಸಬೇಕು. ಅದು ಹಿಂಗಾರು ಮಳೆ ಹಿಡಿಯುವ ಐಪ್ಪಸಿ ತಿಂಗಳು. ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಮದುವೆ ಹತ್ತಿರವಾಗುತ್ತಿತ್ತು, ನೂಲು ಮಾತ್ರ ಅಟ್ಟದಲ್ಲೇ ಕೂತಿತ್ತು.

ಒಂದು ದಿನ ಅಪ್ಪ ಹೊರಗಿನಿಂದ ಬಂದವರೇ ನಗುತ್ತ ಹೇಳಿದರು: “ಸರ್ಕಾರ್ದವ್ರು ನಮ್ಗೇಂತ್ಲೇ ಒಂದ್ ಬೀದಿ ಕಟ್ಟವ್ರೆ. ನೆಟ್ಟಗೈತೆ, ಮೇಲೆ ಮುಚ್ಚೈತೆ, ಗಾಳೀನೂ ಹದವಾಗಿ ಆಡ್ತೈತೆ. ಪಾವ್ ಹಾಕಕ್ಕೆ ಇನ್ನೇನು ಬೇಕು?”

ಉದ್ದನೆಯ ನೆಟ್ಟಗಿನ ಜಾಗ ಕಂಡರೆ ನೇಕಾರನಿಗೆ ಬೇರೆ ಏನೂ ತೋಚುವುದಿಲ್ಲ. ನೆಗಮಂನ ನಮ್ಮ ಸೋದರಮಾವ ಒಮ್ಮೆ ರೈಲು ಪ್ಲಾಟ್‌ಫಾರಂ ನೋಡಿ ಹೀಗೇ ನಿಟ್ಟುಸಿರು ಬಿಟ್ಟಿದ್ದರು. ಕಾವಲುಗಾರ ಮೊದಲು ಗದರಿದ. ಅಪ್ಪ ಮದುವೆಯ ಸಂಗತಿ ಹೇಳಿ, ಅಮ್ಮ ಕೊಟ್ಟ ಚೊಂಬಿನ ಮಜ್ಜಿಗೆ ಮುಂದಿಟ್ಟ ಮೇಲೆ, ಮಧ್ಯಾಹ್ನದೊಳಗೆ ಖಾಲಿ ಮಾಡಬೇಕು ಎಂದು ತಮಿಳಿನಲ್ಲಿ ಕಟ್ಟಪ್ಪಣೆ ಮಾಡಿ ಅಡ್ಡಗೋಲು ಎತ್ತಿದ.

ಬೆಳಗ್ಗೆಯೇ ನಮ್ಮ ಬೀದಿಯವರೆಲ್ಲ ಬಂದರು. ಪಾವು ಹಾಕುವ ಮನೆಗೆ ಕರೆಯದಿದ್ದರೂ ಹೋಗಬೇಕು, ಜಗಳ ಇದ್ದವರೂ ಕೈ ಕೊಡಬೇಕು. ಇದು ನಮ್ಮ ಕಟ್ಟಳೆ. ಅರಿಶಿನ ಬಣ್ಣದ ಪಾವು ಸುರಂಗದುದ್ದಕ್ಕೂ ಕವೆಗೋಲುಗಳ ಮೇಲೆ ಸೊಂಟದೆತ್ತರದಲ್ಲಿ ಹರಡಿತು. ಹೊಸ ಸುಣ್ಣದ ವಾಸನೆಗೆ ಗಂಜಿಯ ವಾಸನೆ ಬೆರೆಯಿತು. ತಲೆಯ ಮೇಲೆ ರೈಲು ಹೋದಾಗಲೆಲ್ಲ ಎಳೆಗಳು ಸಣ್ಣಗೆ ನಡುಗುತ್ತಿದ್ದವು. ನನಗಂತೂ ಸಡಗರವೋ ಸಡಗರ.

ಅಷ್ಟರಲ್ಲಿ ಆಚೆಯ ಬಾಯಿಯಲ್ಲಿ ಒಂದು ಕೊಡೆ ಕಾಣಿಸಿತು. ಕೊಡೆಯ ಕೆಳಗೆ ನನ್ನ ಭಾವೀ ಅತ್ತೆ. ಸುದ್ದಿ ಹೇಗೋ ತಲುಪಿತ್ತು. ಅವರು ಪಾವಿನ ಪಕ್ಕದಲ್ಲೇ ನಡೆದು ಬಂದು ಅಮ್ಮನ ಮುಂದೆ ನಿಂತರು.

“ಏನುಂಗ ಸಂಬಂದಿ, ಕಲ್ಯಾಣದ ಪಾವ್ನ ಜಲದಾರೀಲಿ ಹಾಕೀದೀರಿ?”

ಅಮ್ಮ ಗಂಜಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನಾನು ಅಪ್ಪನ ಹಿಂದೆ ಸರಿದೆ.

ಅವರ ನಾಲಗೆಯ ಮೇಲೆ ಮಚ್ಚೆ ಇತ್ತೋ ಏನೋ. ಆಡಿದ ಮಾತು ಆರುವ ಮೊದಲೇ ಹೊರಗೆ ಮಳೆ ಧೋ ಎಂದು ಸುರಿಯಿತು. ಎರಡು ಇಳಿಜಾರಿನಿಂದಲೂ ಕೆಂಪು ನೀರು ಒಳಕ್ಕೆ ನುಗ್ಗಿತು. ಪಂಪಿನವನು ರಜೆ ಹಾಕಿದ್ದ. ಹಸಿ ಗಂಜಿಯ ಪಾವನ್ನು ಸುತ್ತುವಂತಿಲ್ಲ. ಸುತ್ತಿದರೆ ಎಳೆಗೆ ಎಳೆ ಅಂಟಿ ಹಗ್ಗವಾಗುತ್ತದೆ. ನೀರಿಗೆ ಬಿಡುವಂತೆಯೂ ಇಲ್ಲ.

“ಎತ್ತಿ, ಎತ್ತಿ ಹಿಡೀರಿ!” ಎಂದು ಅಪ್ಪ ಕೂಗಿದರು.

ಎತ್ತಿದೆವು. ಕವೆಗೋಲುಗಳನ್ನು ಗಂಡಸರು ಹೆಗಲಿಗೆ ಏರಿಸಿದರು, ನಡುನಡುವಿನ ಬಿದಿರ ಕೋಲುಗಳನ್ನು ಹೆಂಗಸರು ಹಿಡಿದರು. ಕಾವಲುಗಾರನೂ ಬೈಯುತ್ತ ಬೈಯುತ್ತಲೇ ಒಂದು ಕೋಲಿಗೆ ಕೈ ಹಾಕಿದ. ಎಲ್ಲಕ್ಕಿಂತ ತಗ್ಗು ಇದ್ದದ್ದು ನಟ್ಟನಡುವೆ. ಅಲ್ಲಿ ನೀರು ಮೊಣಕಾಲು ಮುಟ್ಟಿತ್ತು, ಹಿಡಿಯಲು ಯಾರೂ ಇರಲಿಲ್ಲ. ಅತ್ತೆ ಕೊಡೆಯನ್ನು ಗೋಡೆಗೆ ಎಸೆದು, ಸೀರೆ ಎತ್ತಿಕಟ್ಟಿ ನೀರಿಗಿಳಿದರು. ಜೋತು ಬಿದ್ದಿದ್ದ ಪಾವಿನ ಅಡಿಗೆ ಎರಡು ಕೈ ಕೊಟ್ಟು ತಲೆಯ ಮಟ್ಟಕ್ಕೆ ಎತ್ತಿ ನಿಂತರು.

“ಅಲ್ಲೇನ್ ಕಣ್ಣು ಬಿಟ್ಕೊಂಡು ನಿಂತೀಯ? ಸೀಕ್ರ ಬಾ, ಈ ಕಡೆ ಹಿಡಿ!”

ಅದು ಅವರು ನನಗೆ ಆಡಿದ ಮೊದಲ ಮಾತು. ನಾನು ಹೋಗಿ ಅವರೆದುರು ನಿಂತು ಹಿಡಿದೆ. ಮಳೆ ನಿಂತು ನೀರು ಇಳಿಯುವವರೆಗೆ ನಾವು ಹಾಗೇ ನಿಂತೆವು. ಕೈ ಸೋತು ಮರಗಟ್ಟಿದಾಗ ಅವರು ತಮ್ಮ ಅತ್ತೆಯನ್ನು ಅಣಕಿಸಿ ನನ್ನನ್ನು ನಗಿಸಿದರು. ಗಂಜಿ ನಮ್ಮ ಮುಖದ ಮೇಲೆ ತೊಟ್ಟಿಕ್ಕಿ ಅಲ್ಲೇ ಒಣಗಿತು. ಸಂಜೆಯ ಹೊತ್ತಿಗೆ ಪಾವೂ ಒಣಗಿತು.

ಪಾವು ಉಳಿಯಿತು, ಪೂರ್ತಿ ಅಲ್ಲ. ಅವರು ಎತ್ತುವ ಮೊದಲೇ ನಡುಭಾಗಕ್ಕೆ ಕೆಂಪು ನೀರು ಸಿಡಿದಿತ್ತು. ಅಪ್ಪ ನೇಯ್ದರು, ಅಮ್ಮ ಒಗೆದರು, ಒಂದು ಅಂಗೈ ಅಗಲದ ಕಂದು ಪಟ್ಟೆ ಮಾತ್ರ ಹೋಗಲಿಲ್ಲ. ಅದು ಬಂದದ್ದು ಸರಿಯಾಗಿ ಎರಡನೆಯ ಸೀರೆಯಲ್ಲಿ, ಅತ್ತೆಯ ಸೀರೆಯಲ್ಲಿ. ಅಮ್ಮ ಅದನ್ನು ಟ್ರಂಕಿನ ತಳಕ್ಕೆ ತಳ್ಳಿ, ತನ್ನ ಪಾಲಿನ ಸೀರೆಯನ್ನು ಬೀಗಿತ್ತಿಯ ತಟ್ಟೆಗೆ ಇಟ್ಟಳು. ಯಾರಿಗೂ ಹೇಳಬೇಡ ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು.

ಮದುವೆಯ ಹಿಂದಿನ ದಿನ ಅವರ ಕಡೆಯವರೆಲ್ಲ ನಮ್ಮ ಜಗುಲಿಯಲ್ಲಿ ಕೂತಿದ್ದರು. ಅಮ್ಮ ವೀಳ್ಯದೆಲೆ, ತೆಂಗಿನಕಾಯಿ, ಸೀರೆ ಇದ್ದ ತಟ್ಟೆ ನೀಡಿದಳು. ಅತ್ತೆ ಸೀರೆ ಬಿಡಿಸಿದರು. ಮಡಿಕೆ ಮಡಿಕೆಯಾಗಿ ಕೊನೆಯವರೆಗೂ ನೋಡಿದರು. ಅವರ ಹುಬ್ಬು ಗಂಟಿಕ್ಕಿತು.

“ಇದು ನನ್ದಲ್ಲ,” ಅಂದರು. “ನಾನ್ ನಿಂತ ಜಾಗ ಇದ್ರಲ್ಲಿ ಇಲ್ಲ.”

ಅಮ್ಮ ತೊದಲಿದಳು. “ಇಲ್ಲ ಸಂಬಂದಿ, ಅದ್ರಲ್ಲಿ ಕೆಂಪ್ ನೀರಿನ ಕರೆ ಆಗೋಗೈತೆ... ನಿಮ್ಗೆ ಹೆಂಗ್ ಕೊಡೋದು...”

“ಕರೆ ಆಗ್ದೆ ಇರತ್ತಾ? ನೀರಲ್ಲಿ ಅಷ್ಟೊತ್ತು ನಿಂತೋಳು ನಾನು. ಅದ್ನೇ ತನ್ನಿ. ಮೂರ್ತಕ್ಕೆ ಅದ್ನೇ ಉಡ್ತೀನಿ.”

ಅಮ್ಮ ಟ್ರಂಕು ತೆಗೆಯಲು ಒಳಗೆ ಹೋದಳು. ಅತ್ತೆ ನನ್ನನ್ನು ಹತ್ತಿರ ಕರೆದು, ಕಂದು ಪಟ್ಟೆಯ ಸೀರೆ ಬಂದ ಮೇಲೆ ಅದರ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಇನ್ನೊಂದು ತುದಿ ಅವರ ಕೈಯಲ್ಲಿತ್ತು. ಎಲ್ಲರ ಮುಂದೆ ನಾವಿಬ್ಬರೂ ಅದನ್ನು ಕೊಡವಿ ಮಡಚಿದೆವು. ನನಗೆ ಅಳು ಬಂತು, ನಾನು ಅತ್ತೂಬಿಟ್ಟೆ.