ಹಸಿದ ಕೌದಿ

ನನ್ನ ಸಾಲಿ ಮುಗೀತು ಅಂತ ನನಗ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕುರುಗೋಡಿನ ಅಜ್ಜಿ ಮನಿ ಪಡಸಾಲಿಯಾಗ, ಹರಕು ಬಟ್ಟಿ ಗಂಟಿನೊಳಗ ನನ್ನ ನೀಲಿ ಲಂಗ ಕಂಡಾಗ ತಿಳೀತು.

ಬಳ್ಳಾರಿಯಾಗ ಸೆಕೆಂಡ್ ಫಾರಂ, ಅಂದ್ರ ಈಗಿನ ಏಳನೇ ಕ್ಲಾಸು, ಪಾಸಾಗಿದ್ದೆ. ದಿನಾ ಬಳಪ ಕಳಕೊಂತೀನಿ ಅಂತ ಅಪ್ಪ ಆ ಲಂಗಕ್ಕ ಒಂದು ಜೇಬು ಇಡಿಸಿಕೊಟ್ಟಿದ್ದ. "ಹೆಣ್ಣುಹುಡುಗಿಗೆ ಜೇಬು ಯಾಕ, ಏನು ದುಡದು ತುಂಬತಾಳ?" ಅಂತ ಅಜ್ಜಿ ಆಡಿಕೊಂಡಿದ್ಲು. ನಾನು ದೊಡ್ಡಾಕಿ ಆದ ಮ್ಯಾಲ ಅವ್ವ "ನಾಕು ದಿನ ಇದ್ದು ಬಾ" ಅಂತ ಕುರುಗೋಡಿಗೆ ಕಳಿಸಿದ್ಲು. ಆ ನಾಕು ದಿನ ಎಂಥವು ಅಂತ ನನಗ ಹೊಳೀಲಿಲ್ಲ, ಅಷ್ಟು ದಡ್ಡಿ ನಾನು. ಹೊಸ್ತಿಲ ದಾಟಂಗಿಲ್ಲ, ಕಿಟಕ್ಯಾಗ ನಿಂದ್ರಂಗಿಲ್ಲ, ಮಾಳಿಗಿ ಒಬ್ಬಾಕಿ ಹತ್ತಂಗಿಲ್ಲ. ಬ್ಯಾಸರಾತು ಅಂದ್ರ ಜ್ವಾಳ ತುಂಬಿದ ಮೊರ ಮುಂದ ತಳ್ಳೋರು.

ಅವು ಯುದ್ಧದ ವರ್ಷಗಳು. ಬಟ್ಟಿಗೆ ಕಂಟ್ರೋಲ್ ಬಂದು ಹರಕು ಚಿಂದಿಗೂ ಮರ್ಯಾದಿ ಬಂದಿತ್ತು. ಸುಗ್ಗಿ ಮುಗಿದ ಮ್ಯಾಲ ಬಾದನಹಟ್ಟಿ ಕಡಿಂದ ಕೌದಿ ಹೊಲಿಯಾಕಿ ಬಂದ್ಲು. ಮನಿಮನಿ ತಿರುಗಿ, ಅವರವರ ಹಳೇ ಸೀರಿ ಧೋತ್ರ ಕೂಡಿಸಿ ಕೌದಿ ಹೊಲದುಕೊಟ್ಟು, ಜ್ವಾಳ ಇಸಗೊಂಡು ಹೋಗಾಕಿ. ಅಜ್ಜಿ ಆಕಿ ಮುಂದ ಗಂಟು ಬಿಚ್ಚಿ, "ಮಗನ ಮದಿವಿಗೆ ಬೇಕವ್ವ, ಗಟ್ಟಿ ಹೊಲಿ" ಅಂದ್ಲು. ಮಗ ಅಂದ್ರ ನನ್ನ ಸೋದರಮಾವ, ಸಿರುಗುಪ್ಪದಾಗ ಭತ್ತದ ಅಂಗಡಿ ಇಟ್ಟಾವ. ಹೆಣ್ಣು ಯಾರು ಅಂತ ನಾ ಕೇಳೋದರಾಗ ಲಂಗ ಕಂಡಿತು.

"ಅಜ್ಜಿ, ಅದು ನನ್ನ ಸಾಲಿ ಲಂಗ."

"ಮಾವನ ಮನಿ ಸೇರಾಕಿಗೆ ಇನ್ನ ಯಾವ ಸಾಲಿ?" ಅಂದಾಕಿನೇ ಅದನ್ನ ಪರ್ರನೆ ಹರಿದ್ಲು.

ಅತ್ತು ಕೂಗಾಡಿದೆ. ಎಲ್ಲಿಗರ ಓಡಿ ಹೋಗಾಕ ಬರ್ತೈತೇನು ಅಂತ ವಿಚಾರ ಮಾಡಿದೆ. ಬಳ್ಳಾರಿಗೆ ಹೋದ್ರ ಅವ್ವ ಈ ಅಜ್ಜಿ ಮಗಳು, ಅಪ್ಪ ಅವ್ವನ ಮಾತು ಮೀರಾವಲ್ಲ. ಸಿರುಗುಪ್ಪಕ್ಕ ಹೋದ್ರ ಈ ಅಜ್ಜಿನೇ ಅತ್ತಿ. ಯಾವ ಬಾಗಲಾ ತಗದ್ರೂ ಅಜ್ಜಿನೇ ನಿಂತಿದ್ಲು.

ಕೌದಿಯಾಕಿ ಮ್ಯಾಲೂ ನನಗ ಸಿಟ್ಟಿತ್ತು. ನನ್ನ ಲಂಗ ಏನು ಮಾಡ್ತಾಳ ನೋಡೋಣ ಅಂತ ಹಟಕ್ಕ ಬಿದ್ದು ಎದುರಿಗೆ ಕೂತೆ. ಅಲ್ಲಿತನಕ ಕೌದಿ ಅಂದ್ರ ನನಗ ಹೊಚ್ಚಿಕೊಳ್ಳೋ ವಸ್ತು, ಅಷ್ಟೇ. ಅದನ್ನ ಒಬ್ಬಾಕಿ ಕೂತು ವಿಚಾರ ಮಾಡಿ ಮಾಡ್ತಾಳ ಅಂತ ಗೊತ್ತಿರಲಿಲ್ಲ. ಆಕಿ ಅಜ್ಜನ ಧೋತ್ರದ ಪಕ್ಕ ಹಸರು ಸೆರಗಿನ ತುಂಡು ಇಡಾಕಿ, ಕತ್ತು ವಾರಿ ಮಾಡಿ ನೋಡಾಕಿ, ತಗದು ಬ್ಯಾರೆ ಕಡಿ ಇಡಾಕಿ.

"ಇಲ್ಲಿ ಕೆಂಪು ಯಾಕ ಅಕ್ಕ?"

"ಇಲ್ಲಿ ಬರೋದ್ರಾಗ ಕಣ್ಣಿಗೆ ಬ್ಯಾಸರ ಆಗಿರ್ತೈತಿ ತಂಗಿ. ಅದಕ್ಕ."

ಅಂಥಾ ಮಾತು ನನಗ ಸಾಲಿಯಾಗೂ ಯಾರೂ ಹೇಳಿರಲಿಲ್ಲ. ಸಿಟ್ಟು ಎಲ್ಲಿ ಹೋತೋ, ನಾನೂ ಸೂಜಿ ಹಿಡಿದೆ. "ಇದು ಹೊಲಿಗಿ ಅಲ್ಲ, ಕಾಗಿ ಕಾಲು" ಅಂತ ನಕ್ಕಳು, ಬಿಚ್ಚಲಿಲ್ಲ. ಅಂಚಿನಿಂದ ಶುರು ಮಾಡಿ ಸುತ್ತ ಸುತ್ತ ಒಳಗ ಹೊಲಕೊಂತ ಹೋಗಬೇಕು. ನೋಡಾಕ ಭಾಳ ಚೆಂದ. ಆದ್ರ ಸುತ್ತು ಸಣ್ಣದಾದಂಗ ನಾ ಬೇಕಂತನೇ ಸೂಜಿ ನಿಧಾನ ಮಾಡ್ತಿದ್ದೆ. ಕೌದಿ ಮುಗಿದ್ರ ಮದಿವಿ.

ಕಡೀಕ ನಟ್ಟನಡುವ ಅಂಗೈ ಅಗಲದ ಜಾಗ ಉಳೀತು. ಅದಕ್ಕ ಕೌದಿ ಹೊಟ್ಟಿ ಅಂತಾರ. ಹೊಚ್ಚಿಕೊಳ್ಳೋರು ಅದರಾಗ ತಮ್ಮ ಕೈಲೇ ಒಂದು ಚೂರು ರೊಟ್ಟಿ ಇಡಬೇಕು, ಆಮ್ಯಾಲ ಹೊಲದು ಮುಚ್ಚೋದು. ಕೌದಿ ಹಸಗೊಂಡು ಮನಿ ಸೇರಬಾರದು ಅಂತ. ಅಜ್ಜಿ ರೊಟ್ಟಿ ತಂದು ನನ್ನ ಕೈಯಾಗ ಕೊಟ್ಲು.

"ನನ್ನ ಸಾಲಿಗೆ ಕಳಸು, ಇಡ್ತೀನಿ" ಅಂದೆ.

ಅಜ್ಜಿ ನಕ್ಕಳು, ಬೈದಳು, ಆಮ್ಯಾಲ ಕೌದಿಯಾಕಿಗೆ "ನೀನೇ ಇಟ್ಟು ಮುಚ್ಚು" ಅಂದ್ಲು. ಆಕಿ ಸೂಜಿ ಚುಚ್ಚಿಟ್ಟು ಕೈ ಕಟ್ಟಿ ಕೂತ್ಲು. "ಇಲ್ಲರಿ ಅವ್ವಾರ. ಹಸದ ಕೌದಿ ನನ್ನ ಕೈಯಿಂದ ಯಾರ ಮನಿಗೂ ಹೋಗಿಲ್ಲ." ಕೂಲಿ ಕೊಡಂಗಿಲ್ಲ ಅಂದ್ರೂ ಆಕಿ ಜಗ್ಗಲಿಲ್ಲ. ಅಂಥಾ ಕೌದಿ ಮಗನ ಮನಿಗೆ ಕಳಸಾಕ ಅಜ್ಜಿಗೂ ಧೈರ್ಯ ಇಲ್ಲ. ನಾ ಗೆದ್ದೆ ಅಂದಕೊಂಡೆ.

"ಹಂಗಾದ್ರ ನಾನೂ ಉಣ್ಣಂಗಿಲ್ಲ" ಅಂದ್ಲು ಅಜ್ಜಿ.

ನಾಟಕ ಅಂದಕೊಂಡೆ. ಅವತ್ತು ಉಣ್ಣಲಿಲ್ಲ. ಮರುದಿನಾನೂ ಉಣ್ಣಲಿಲ್ಲ. ಕಂಬಕ್ಕ ಒರಗಿ ಕೂತ್ಲು, ತುಟಿ ಒಣಗಿದ್ವು, ನನ್ನ ಕಡಿ ನೋಡಲೂ ಇಲ್ಲ. ಸಣ್ಣಾಕಿದ್ದಾಗ ತುತ್ತು ಮಾಡಿ ಉಣಿಸಿದ ಕೈ ಅದು. ಎಷ್ಟು ಬೈದ್ರೂ ಆಕಿ ಮ್ಯಾಲ ನನಗ ಜೀವ. ಮೂರನೇ ದಿನ ಮುಂಜಾನೆ ಮುದುಕಿ ಸತ್ತರ ಏನು ಗತಿ ಅಂತ ಹೆದರಿಕಿ ಹುಟ್ಟಿತು. ರೊಟ್ಟಿ ಮುರದು ಹೊಟ್ಟ್ಯಾಗ ಇಟ್ಟೆ. ಕೌದಿಯಾಕಿ ರೊಟ್ಟಿ ನೋಡಲಿಲ್ಲ, ನನ್ನ ಮಾರಿ ನೋಡಿದ್ಲು. ಆಮ್ಯಾಲ ಮುಚ್ಚಿ ಹೊಲಿದ್ಲು. ಅಜ್ಜಿ ಅಂಬಲಿ ಕುಡುದು, ಮದಿವಿ ದಿನ ನೋಡಿಸಾಕ ಆಳು ಕಳಿಸಿದ್ಲು.

ಮದಿವ್ಯಾಗಿ ಸಿರುಗುಪ್ಪಕ್ಕ ಬಂದ ಮ್ಯಾಲ ಒಂದಿನ ಮಾಳಿಗಿ ಮ್ಯಾಲ ಕೌದಿ ಒಣಹಾಕಾಕ ಹೋದಾಗ ನೋಡಿದೆ. ಒಂದು ಮೂಲ್ಯಾಗ ನೀಲಿ ಲಂಗದ ತುಂಡಿತ್ತು, ಜೇಬಿನ ಸಮೇತ. ಹೊಲಿಗಿ ಸಾಲು ಎಲ್ಲಾ ಜೇಬಿನ ಅಂಚಿಗೆ ಬಂದು ನಿಂತು, ಆ ಕಡಿಂದ ಮತ್ತ ಶುರು ಆಗಿದ್ವು. ಜೇಬಿನ ಬಾಯಿ ಕೌದಿಯಾಕಿ ಹೊಲದಿರಲಿಲ್ಲ, ಅವತ್ತು ಎದುರಿಗೇ ಕೂತಿದ್ರೂ ನಾ ಅದನ್ನ ಗಮನಿಸಿರಲಿಲ್ಲ. ಕೈ ಹಾಕಿದೆ, ಒಳಗ ಏನೂ ಇರಲಿಲ್ಲ. ಆ ಮನಿಯಾಗ ನನ್ನ ಬಿಟ್ಟು ಯಾರೂ ಕೈ ಹಾಕದ ಜಾಗ ಅದೊಂದೇ. ಅಲ್ಲೇ ಕೂತು ಅತ್ತೆ.

ಯುದ್ಧ ಮುಗಿದು, ಸ್ವಾತಂತ್ರ್ಯ ಬಂದು, ಬಳ್ಳಾರಿ ಮದ್ರಾಸಿನ ಕೈಬಿಟ್ಟು ಮೈಸೂರಿಗೆ ಸೇರಿದ ಮ್ಯಾಲಿನ ಮಾತು. ನಾ ಆಗ ಎರಡು ಮಕ್ಕಳ ತಾಯಿ. ಅಜ್ಜಿ ನಮ್ಮಲ್ಲಿಗೆ ಬಂದಾಕಿ ಕೌದಿ ಮಡಚುವಾಗ ಜೇಬು ನೋಡಿದ್ಲು.

"ಇದೇನಲೇ, ಬಾಯಿ ತಕ್ಕೊಂಡು ಕೂತೈತಿ? ಹೊಲದುಬಿಡು."

"ಇಲ್ಲ ಅಜ್ಜಿ, ಹೊಲಿಯಂಗಿಲ್ಲ."

"ಹೊಲಿಯೋತನಕ ನಾ ಉಣ್ಣಂಗಿಲ್ಲ."

ಒಮ್ಮೆ ಫಲ ಕೊಟ್ಟ ಮದ್ದು ಯಾರು ಬಿಡ್ತಾರ. ಮಕ್ಕಳಿಗೆ ಹಾಕಿ, ನಾನೂ ತಾಟು ಹಚ್ಚಿಕೊಂಡು ಆಕಿ ಎದುರಿಗೇ ಉಂಡೆ. ಒಂದು ತುತ್ತೂ ಬಿಡಲಿಲ್ಲ. ಮರುದಿನಾನೂ ಹಂಗೇ ಮಾಡಿದೆ.

ಮೂರನೇ ದಿನ ಸಂಜಿಮುಂದ ಅಜ್ಜಿ ತಾನಾಗೇ ಅಡಗಿಮನಿಗೆ ಬಂದ್ಲು. "ರೊಟ್ಟಿ ಐತೇನು? ಪಲ್ಯ ಏನು ಮಾಡೀದಿ?" ಅಂದ್ಲು. ಬಡಿಸಿದೆ. ಬದನಿಕಾಯಿ ಪಲ್ಯ ಇನ್ನೊಮ್ಮೆ ಹಾಕಿಸಿಕೊಂಡು ಉಂಡ್ಲು. ನಾ ಆಕಿ ಬಾಯಿನೇ ನೋಡಕೊಂತ ಕೂತೆ. ಹಂಗಾದ್ರ ನಾ ರೊಟ್ಟಿ ಇಡದಿದ್ರೂ ಕುರುಗೋಡಿನಾಗ ಉಣ್ತಿದ್ಲು. ಅವತ್ತು ಸಂಜಿತನಕ ತಡದಿದ್ರ ಸಾಕಿತ್ತು.