ಅಕ್ಕನ ಕಾರಿಗೆ ಎರಡು ಬೆರಳಿನ ಜಾಗ

ಮೊದಲು ಶಬ್ದ ಬಂತು, ಆಮೇಲೆ ಕಾರು ದಾರಿ ಬಿಟ್ಟಿತು. ಈ ಎರಡರಲ್ಲಿ ಯಾವುದು ಮೊದಲು ಎನ್ನುವುದರ ಮೇಲೆ ಆ ಕಾರು ನಮ್ಮಕ್ಕನ ಬಳಿ ಉಳಿಯುವುದೋ ಬಿಡುವುದೋ ತೀರ್ಮಾನವಾಗಬೇಕಿತ್ತು. ಹಾಗಾಗಿ ನೆನಪಿದ್ದಷ್ಟನ್ನೇ, ನೆನಪಿದ್ದ ಕ್ರಮದಲ್ಲೇ ಹೇಳುತ್ತೇನೆ. ಸರ್ವೇ ಇಲಾಖೆಯಲ್ಲಿ ಸರಪಳಿ ಹಿಡಿದು ಹೊಲ ಅಳೆದವನು ನಾನು. ಒಂದು ಗೇಣು ಆಚೀಚೆಯಾದರೆ ಅಣ್ಣತಮ್ಮಂದಿರು ಮಾತು ಬಿಡುವುದನ್ನು ನೋಡಿದ್ದೇನೆ.

ಕಾರು ಕೆಂಪು ಬಣ್ಣದ್ದು. ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ಎತ್ತರ ನನ್ನ ಸೊಂಟದಷ್ಟು. ಮಾನ್ವಿಯ ಅಕ್ಕಿ ಮಿಲ್ಲಿನ ಸಾಹುಕಾರರ ತಂದೆ ಅದನ್ನು ಯಾವ ಕಾಲದಲ್ಲೋ ಹೈದರಾಬಾದಿನಿಂದ ತಂದಿದ್ದರು. ನಾವು ಚಿಕ್ಕವರಿದ್ದಾಗ ನಮ್ಮವ್ವ ಅವರ ಗದ್ದೆಯಲ್ಲಿ ನಾಟಿಗೆ ಹೋಗುತ್ತಿದ್ದಳು. ಕಾಲುವೆ ದಂಡೆಯ ಮೇಲೆ ಆ ಕಾರು ಬಂತೆಂದರೆ ನಾಟಿ ಹಚ್ಚುವ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ ನಿಂತು ನೋಡುತ್ತಿದ್ದರಂತೆ. ಬೆನ್ನೆತ್ತಲು ಅದೊಂದು ನೆಪ. ಅವ್ವನ ಪಕ್ಕದಲ್ಲಿ ಸಸಿಯ ಕಟ್ಟು ಹಿಡಿದು ನಿಂತಿದ್ದ ಅಕ್ಕ ಮಾತ್ರ ನೆಪಕ್ಕಾಗಿ ನೋಡಲಿಲ್ಲವೆಂದು ಕಾಣುತ್ತದೆ. ಮುಂದೆ ನರ್ಸ್ ಆಗಿ, ದೇವದುರ್ಗದಲ್ಲಿ ಕೆಲಸ ಶುರು ಮಾಡಿ, ರಾಯಚೂರಿನಲ್ಲಿ ನಿವೃತ್ತಳಾದ ಮೇಲೆ ಒಂದು ದಿನ ಸೀದಾ ಮಿಲ್ಲಿಗೆ ಹೋಗಿ ಕೇಳಿದಳು, “ಸಾವ್ಕಾರ್ರೇ, ಆ ಕೆಂಪು ಗಾಡಿ ಇನ್ನಾ ಅದ ಏನ್ರಿ?”

ಇತ್ತು. ಗೋದಾಮಿನಲ್ಲಿ ತೌಡಿನ ಚೀಲಗಳ ಹಿಂದೆ, ಮೈತುಂಬ ಧೂಳು ಹೊದ್ದು ಕೂತಿತ್ತು.

ಅಕ್ಕನ ಮಗ, ಅಂದರೆ ನನ್ನ ಸೋದರಳಿಯ, ರಾಯಚೂರಿನಲ್ಲಿ ಕಾಲೇಜು ಮೇಷ್ಟ್ರು. ಒಳ್ಳೆಯ ಹುಡುಗ, ಅಂಜುಬುರುಕ. ಅವನು ಬೇಡವೆಂದ. ಅಕ್ಕ ಒಂದು ಕರಾರು ಮಾಡಿಕೊಂಡಳು: “ನನ್ನ ಕೈತಪ್ಪಿನಿಂದ ಒಮ್ಮಿ ಗಾಡಿ ರಸ್ತಾ ಬಿಟ್ರ, ಚಾವಿ ತಂದು ನಿನ್ನ ಕೈಯಾಗ ಇಡ್ತೀನಿ. ಮತ್ತ ಕೇಳಾಂಗಿಲ್ಲ.” ಅವನು ಒಪ್ಪಿದ. ಅಕ್ಕ ಮಾತಿಗೆ ತಪ್ಪುವವಳಲ್ಲ. ಆಸ್ಪತ್ರೆಯಲ್ಲಿ ಸೂಜಿ ನೋಯಂಗಿಲ್ಲ ಎಂದು ಮಕ್ಕಳಿಗೂ ಸುಳ್ಳು ಹೇಳಿದವಳಲ್ಲ.

ಕಾರು ತರಲು ಹೋದ ದಿನ ಪಕ್ಕದ ಸೀಟಿನಲ್ಲಿ ನಾನಿದ್ದೆ. ಸಾಹುಕಾರರು ಎಂಜಿನ್ ರಿಪೇರಿ ಮಾಡಿಸಿ, ಬಿರುಕು ಬಿಟ್ಟಿದ್ದ ಹಳೆಯ ಟೈರುಗಳನ್ನು ತೆಗೆಸಿ ಹೊಸವು ಹಾಕಿಸಿದ್ದರು. ಟೈರುಗಳನ್ನು ಕೈಯಿಂದ ತಟ್ಟಿ ತೋರಿಸಿದರು.

“ಅಗಲಾನ್ನವು ಹಾಕಿಸೀನಿ, ಸಿಸ್ಟರ್. ನಮ್ಮ ಎರಿ ಭೂಮ್ಯಾಗ ಸಣ್ಣ ಗಾಲಿ ಹೂತು ಹೋಗ್ತಾವ. ಅಗಲ ಇದ್ರ ನೆಲ ಹಿಡಕೊಂಡು ಕೂಡ್ತದ.”

ಸಾಹುಕಾರರು ಹುಟ್ಟಿನಿಂದ ಕೆಸರು ಗದ್ದೆಯ ಟ್ರ್ಯಾಕ್ಟರ್ ನೋಡಿದವರು. ಅವರ ಮಟ್ಟಿಗೆ ಗಾಲಿಯ ಗುಣವೆಂದರೆ ಅಗಲ. ನಮಗೂ ಅದು ಸರಿಯೆನ್ನಿಸಿತು. ಕೆಳಗೆ ಕೂತು ನೋಡಿದರೆ ಕಾರಿಗೆ ದಪ್ಪ ಚಪ್ಪಲಿ ಹಾಕಿಸಿದಂತೆ ಚೆಂದವೇ ಇತ್ತು. ಖಾಲಿ ಕಾರಿನ ಸ್ಟೇರಿಂಗನ್ನು ಹೊರಗಿನಿಂದಲೇ ಕೈಹಾಕಿ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ತೋರಿಸಿದರು. ಟೈರು ಎಲ್ಲೂ ತಾಗಲಿಲ್ಲ.

ಹೊರಟೆವು. ಮಾನ್ವಿ ದಾಟಿ ಸ್ವಲ್ಪ ದೂರದಲ್ಲಿ ಕಾಲುವೆಯ ಮೇಲೊಂದು ಚಿಕ್ಕ ಸೇತುವೆ ಇದೆ. ಅದನ್ನು ಇಳಿದ ಕೂಡಲೇ ರಸ್ತೆ ಎಡಕ್ಕೆ ಹೊರಳುತ್ತದೆ. ಅಕ್ಕ ಗೇರ್ ಕಡಿಮೆ ಮಾಡಿದಳು, ಇದು ನನಗೆ ಖಂಡಿತ ನೆನಪಿದೆ. ಇಳಿಜಾರಿನಲ್ಲಿ ಕಾರು ಮೂತಿ ತಗ್ಗಿಸಿತು. ಅಕ್ಕ ಸ್ಟೇರಿಂಗ್ ತಿರುಗಿಸತೊಡಗಿದಳು. ಆಗ ನನ್ನ ಕಾಲಿನ ಮುಂದೆ ‘ಗರ್ರ್’ ಎಂದು ಗಿರಣಿಯ ಕಲ್ಲು ಉಜ್ಜಿದಂತೆ ಶಬ್ದವಾಯಿತು. ಸುಟ್ಟ ರಬ್ಬರಿನ ವಾಸನೆ ಬಂತು. ಅಕ್ಕನ ಮೊಣಕೈ ಮೇಲೆದ್ದಿತು, ಆದರೆ ಸ್ಟೇರಿಂಗ್ ಅರ್ಧಕ್ಕೆ ನಿಂತಿತು. ರಸ್ತೆ ಎಡಕ್ಕೆ ಹೋಯಿತು, ನಾವು ನೆಟ್ಟಗೆ ಹೋದೆವು. ಬಲಬದಿಯಲ್ಲಿ ಭತ್ತದ ಹುಲ್ಲಿನ ರಾಶಿಯಿತ್ತು. ಕಾರು ಅದರೊಳಗೆ ಅರ್ಧ ಹೊಕ್ಕು ನಿಂತಿತು. ಎದುರಿನಿಂದ ಯಾವ ಗಾಡಿಯೂ ಬರುತ್ತಿರಲಿಲ್ಲ. ಬಂದಿದ್ದರೆ ಎಂಬುದನ್ನು ನಾನು ಈಗಲೂ ಪೂರ್ತಿ ಯೋಚಿಸುವುದಿಲ್ಲ.

ಹುಲ್ಲು ಒಟ್ಟುತ್ತಿದ್ದ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಮ್ಮನ್ನು ನೋಡಿದಳು. “ಹುಲ್ಲು ಬೇಕಿದ್ರ ಕೇಳಬೇಕಿತ್ತು ಯವ್ವಾ. ಒಂದು ಹೊರಿ ನಾನೇ ಕೊಡ್ತಿದ್ದೆ.”

ಅಕ್ಕ ತಲೆಯ ಮೇಲಿನ ಹುಲ್ಲು ತೆಗೆಯುತ್ತಾ, “ಲೇ ತಮ್ಮಾ, ಕೈಕಾಲು ಆಡಿಸಿ ನೋಡು. ಕುತ್ತಿಗಿ ತಿರುಗಿಸು,” ಎಂದಳು. ನನ್ನ ಕೈಕಾಲು ತಾವಾಗಿಯೇ ಆಡುತ್ತಿದ್ದವು. ನಿಲ್ಲಿಸುವುದು ಕಷ್ಟವಾಗಿತ್ತು.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಮಿಲ್ಲಿನ ಅಂಗಳಕ್ಕೆ ಎಳೆತಂದರು. ಸುದ್ದಿ ಮುಟ್ಟಿ ಅಳಿಯ ರಾಯಚೂರಿನಿಂದ ಬೈಕಿನ ಮೇಲೆ ಬಂದ. ತನ್ನ ಅವ್ವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಗಾಯವಿಲ್ಲವೆಂದು ಖಾತ್ರಿಯಾದ ಮೇಲೆ ಸಿಟ್ಟು ಬಂತು.

“ಮಾಮಾ, ಖರೇ ಹೇಳ್ರಿ. ಯವ್ವ ಸ್ಟೇರಿಂಗ್ ತಿರುಗಿಸೋದು ತಡ ಮಾಡಿದಳೋ, ಇಲ್ಲೋ?”

“ಇಲ್ಲ. ತಿರುಗಿಸಾಕತ್ತಿದ್ದಳು. ಅಷ್ಟರಾಗ ಶಬ್ದ ಬಂತು. ಸ್ಟೇರಿಂಗ್ ಅರ್ಧಕ್ಕ ನಿಂತಿತು. ಆಮ್ಯಾಲೆ ಗಾಡಿ ಹೋತು.”

“ನೀವು ಅಂಜಿದ್ರಿ. ಅಂಜಿದವರಿಗೆ ಹಿಂದಿಂದು ಮುಂದ, ಮುಂದಿಂದು ಹಿಂದ ಕಾಣ್ತದ.”

“ಅಂಜಿದ್ದು ಖರೇ. ಆದ್ರ ಅಂಜಿದ್ದೂ ಶಬ್ದ ಬಂದ ಮ್ಯಾಲೇ.”

ಶಬ್ದವೆಂದರೆ ಟೈರು ತಾಗಿದ್ದೆಂದಾಯಿತು; ತಾವು ಹಾಕಿಸಿದ ಟೈರಿನ ಮೇಲೆ ಮಾತು ಬಂದದ್ದು ಸಾಹುಕಾರರಿಗೆ ಹಿಡಿಸಲಿಲ್ಲ. “ನಿಮ್ಮ ಕಣ್ಣ ಮುಂದನ ತಿರುಗಿಸಿ ತೋರಿಸೀನಲ್ರಿ? ಮತ್ತ ನೋಡ್ರಿ ಬೇಕಾದ್ರ,” ಎಂದು ಇನ್ನೊಮ್ಮೆ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿದರು. ಗಾಲಿಗಳು ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿದವು. ನನ್ನ ಸಾಕ್ಷಿ ಅಲ್ಲಿಗೆ ಬಿದ್ದುಹೋಯಿತು.

ಅಕ್ಕ ಚಾವಿ ತೆಗೆದು ಮಗನ ಅಂಗೈಯಲ್ಲಿಟ್ಟಳು. ಅವನು ಬೆರಳು ಮಡಚಿದ. ಗೆದ್ದವನ ಮುಖ ಇರಲಿಲ್ಲ ಅವನದು.

ನನಗೆ ಸುಮ್ಮನಿರಲಾಗಲಿಲ್ಲ. “ಶಬ್ದ ಮೊದಲು ಬಂತು,” ಎಂದು ಮತ್ತೆ ಹೇಳಿದೆ. ಅಕ್ಕ ಮುಂದಿನ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ತೂರಿಸಿದಳು. ಮುರಿದ ಕೈಗೆ ಪಟ್ಟಿ ಕಟ್ಟಿದ ಮೇಲೆ ಹೀಗೇ ನೋಡುತ್ತಾರಂತೆ. ಎರಡು ಬೆರಳು ಸಲೀಸಾಗಿ ಹೋದರೆ ಸರಿ, ಇಲ್ಲದಿದ್ದರೆ ಬಿಚ್ಚಿ ಮತ್ತೆ ಕಟ್ಟಬೇಕು.

“ಎರಡು ಬೆರಳು ಹೋಗ್ತಾವ. ಆದ್ರ ಈಗ ಗಾಡ್ಯಾಗ ಯಾರೂ ಇಲ್ಲ,” ಎಂದಳು. “ತಮ್ಮಾ, ಬಾ, ಕೂಡು ಒಳಗ. ಆ ಕಡೆ ಸಾವ್ಕಾರ್ರು ಕೂಡ್ಲಿ.”

“ನಾ ಕೂಡಂಗಿಲ್ಲ,” ಎಂದೆ. ನಿಂತ ಕಾರಿನೊಳಗೆ ಕೂಡಲೂ ನನ್ನಿಂದ ಆಗುತ್ತಿರಲಿಲ್ಲ, ನಿಜ ಹೇಳುತ್ತಿದ್ದೇನೆ.

ಸಾಹುಕಾರರು ನಕ್ಕರು. “ಮನಷ್ಯಾರು ಯಾಕ ಬೇಕ್ರಿ? ಮಿಲ್ಲಿನಾಗ ನಿಂತು ಭಾರಕ್ಕ ಬರ ಏನು? ಒಂದು ಚೀಲ ನೆಲ್ಲು ಅಂದ್ರ ಎಪ್ಪತ್ತೈದು ಕಿಲೋ. ಸಿಸ್ಟರ್ ಒಂದು ಚೀಲ. ತಮ್ಮಾರು…” ಎಂದು ನನ್ನನ್ನು ಮೇಲಿಂದ ಕೆಳಗೆ ಅಳೆದರು. “ತಮ್ಮಾರು ಒಂದು ಚೀಲ, ಮ್ಯಾಲೊಂದು ಗಂಟು.”

ಹಮಾಲರು ಭತ್ತದ ಚೀಲಗಳನ್ನು ತಂದು ಸೀಟುಗಳಲ್ಲಿ ಕೂರಿಸಿದರು. ನನ್ನ ಚೀಲದ ಮೇಲೆ ತೌಡಿನ ಗಂಟೊಂದನ್ನು ಇಟ್ಟರು. ದೂರದಿಂದ ನೋಡಿದರೆ ಅದು ನನ್ನಂತೆಯೇ ಕಾಣುತ್ತಿತ್ತು. ಕಾರು ಉಸಿರು ಬಿಟ್ಟಂತೆ ಕೆಳಗಿಳಿಯಿತು. ಇಳಿಜಾರಿನಲ್ಲಿ ಮೂತಿ ತಗ್ಗಿದಂತಾಗಲೆಂದು ಇಬ್ಬರು ಹಮಾಲರು ಬಾನೆಟ್ಟನ್ನು ಒತ್ತಿ ಹಿಡಿದರು. ಸಾಹುಕಾರರು ಚೀಲದ ಮೇಲಿಂದ ಕೈಚಾಚಿ ಸ್ಟೇರಿಂಗ್ ತಿರುಗಿಸಿದರು.

ಗರ್ರ್.

ಅದೇ ಶಬ್ದ. ಅಂಗಳದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನನಗೆ ಒಳಗೊಳಗೇ ಖುಷಿಯಾಯಿತು. ಅಕ್ಕ ಬೆರಳು ತೂರಿಸಲು ನೋಡಿದಳು. ಒಂದು ಬೆರಳೂ ಹೋಗಲಿಲ್ಲ. ಮಡ್‌ಗಾರ್ಡಿನ ಒಳಗೆ ಬಣ್ಣ ಕಿತ್ತು ತಗಡು ಹೊಳೆಯುತ್ತಿತ್ತು. ಟೈರಿನ ಭುಜದ ಮೇಲೆ ಸುತ್ತಲೂ ಉಜ್ಜಿದ ಗೆರೆ.

ಸಾಹುಕಾರರು ಬಗ್ಗಿ ಆ ಗೆರೆಯ ಮೇಲೆ ಬೆರಳಾಡಿಸಿದರು. ಎದ್ದಾಗ, “ಅಗಲ ಜಾಸ್ತಿ ಆತು ಬಿಡ್ರಿ,” ಎಂದಷ್ಟೇ ಹೇಳಿದರು. ಆಮೇಲೆ ಎಲ್ಲರಿಗೂ ಚಹಾ ತರಿಸಿದರು.

ಅಳಿಯ ಚಾವಿಯನ್ನು ಮಾತ್ರ ವಾಪಸ್ ಕೊಡಲಿಲ್ಲ. “ಸರಿಯಾದ ಟೈರ್ ಹಾಕಿಸೋಣು. ಅದೇ ತಿರುವಿನಾಗ ನಾನೇ ಪಕ್ಕಕ್ಕ ಕೂತು ನೋಡ್ತೀನಿ. ಆಮ್ಯಾಲ ಮಾತು,” ಎಂದ.

ಸರಿಯಾದದ್ದು ಯಾವುದೆಂದು ತಿಳಿಯಲು ಹಳೆಯ ಟೈರು ಬೇಕಿತ್ತು. ಈಗ ತೆಗೆಸಿದ ನಾಲ್ಕೂ ಎತ್ತಿನ ಬಂಡಿಯವರ ಪಾಲಾಗಿದ್ದವು. ಒಂದು ಮಾತ್ರ, ಹಿಂದೆಂದೋ ಸವೆದು ತೆಗೆದಿಟ್ಟದ್ದು, ಗೋದಾಮಿನ ಹಿಂದೆ ಇತ್ತು. ಬೇವಿನ ಸಸಿಗೆ ಆಡು ಬಾಯಿ ಹಾಕದಿರಲೆಂದು ಹಾಕಿದ ಬೇಲಿಗೆ ಕೆಳಗೆ ಆಸರೆಯಾಗಿ ಇಟ್ಟಿದ್ದರಂತೆ. ಬೇಲಿ ಹೋಗಿತ್ತು. ಸಸಿ ಮರವಾಗಿ ಟೈರನ್ನು ಬಳೆಯಂತೆ ತೊಟ್ಟು ನಿಂತಿತ್ತು. ತೆಗೆಯಬೇಕೆಂದರೆ ಮರವನ್ನಾದರೂ ಟೈರನ್ನಾದರೂ ಕಡಿಯಬೇಕು.

ಅಕ್ಕ ಎರಡೂ ಬೇಡವೆಂದಳು. ತನ್ನ ಕೈಚೀಲದಿಂದ ಬ್ಯಾಂಡೇಜಿನ ಸುರುಳಿ ತೆಗೆದು ಅಳತೆಗೆಂದು ಟೈರಿನ ಹೊರಸುತ್ತಿಗೆ ಬಿಗಿಯಾಗಿ ಸುತ್ತಿ, ತುದಿ ಕೂಡಿದಲ್ಲಿ ಗುರುತಿನ ಗಂಟು ಹಾಕಿ ಕತ್ತರಿಸಿದಳು. ನಾನು ಮಣ್ಣು ಕೆರೆದು ಟೈರಿನ ಮೈಮೇಲಿನ ಅಕ್ಷರ ಓದಿ ಚೀಟಿಯಲ್ಲಿ ಬರೆದುಕೊಂಡೆ: ಐದು ಪಾಯಿಂಟ್ ಎರಡು ಸೊನ್ನೆ, ಅಡ್ಡಗೆರೆ, ಹದಿಮೂರು.

ರಾಯಚೂರಿನ ಟೈರ್ ಅಂಗಡಿಗೆ ನಾನೂ ಅಳಿಯನೂ ಹೋದೆವು. ಅಂಗಡಿಯವರು ಕನ್ನಡಕ ಏರಿಸಿಕೊಂಡು ಚೀಟಿ ನೋಡಿದರು.

“ಇದು ಹಳೇ ಲೆಕ್ಕ, ಸರ್. ಅಗಲ ಐದೂ ಚಿಲ್ಲರ ಇಂಚು, ಒಳಗಿನ ಕಬ್ಬಿಣದ ಡಿಸ್ಕ್ ಹದಿಮೂರು ಇಂಚು. ಈಗಿನ ಟೈರಿಗೆ ಅಗಲ ಮಿಲಿಮೀಟರಿನಾಗ ಬರೀತಾರ. ನಡುವಿನ ಅಂಕಿ ಟೈರಿನ ಗೋಡಿ ಎಷ್ಟು ಎತ್ತರ ಅಂತ, ಅಗಲದ ನೂರಕ್ಕಿಷ್ಟು. ನಿಮಗ ಯಾವುದು ಹಾಕಿದ್ರು?”

ಹೇಳಿದೆ. ನೂರಾ ಎಂಬತ್ತೈದು, ಎಪ್ಪತ್ತು, ಹದಿಮೂರು.

“ಅಲ್ಲಾ, ಸಣ್ಣ ಕೂಸಿಗಿ ಗಂಡಸರ ಅಂಗಿ ತೊಡಿಸ್ಯಾರಲ್ಲ. ಅದರ ಡಿಸ್ಕಿನ ಅಗಲ ಕಮ್ಮಿ, ಟೈರ್ ಹೊಟ್ಟಿ ಬಿಟ್ಟಿರ್ತದ.” ಎದ್ದು ಹೋಗಿ ಒಳಗಿನಿಂದ ಒಂದು ಕಿರಿದಾದ ಟೈರು ಉರುಳಿಸಿಕೊಂಡು ಬಂದರು. ನೂರಾ ಐವತ್ತೈದು, ಎಂಬತ್ತು, ಹದಿಮೂರು.

ಅಳಿಯನಿಗೆ ಸಂಶಯ. “ಇಷ್ಟು ಸಣ್ಣದು ಹಾಕಿದ್ರ ಹಿಡಿತ ಇರ್ತದೇನ್ರಿ?”

“ನಿಮ್ಮ ಗಾಡಿ ಹೊಲಾ ಉಳಬೇಕೇನ್ರಿ? ರಸ್ತಾದ ಮ್ಯಾಲ ಹೋಗೋದಲ್ಲ.”

ಅಳಿಯ ಜೇಬಿನಿಂದ ಬ್ಯಾಂಡೇಜು ತೆಗೆದ. ಅಂಗಡಿಯವರು ಮೊದಲು ಗಾಬರಿಯಾಗಿ, ಆಮೇಲೆ ನಕ್ಕರು. ಟೈರಿಗೆ ಸುತ್ತಿ ನೋಡಿದೆವು. ಗಂಟಿನ ಹತ್ತಿರಕ್ಕೆ ತುದಿ ಬಂದು ನಿಂತಿತು, ಕಡಿಮೆಯಾದದ್ದು ಉಗುರಿನಷ್ಟು. ಸವೆದ ಟೈರಿಗೂ ಹೊಸದಕ್ಕೂ ಅಷ್ಟು ವ್ಯತ್ಯಾಸ ಇರಲೇಬೇಕೆಂದರು. ಸುಮ್ಮನೆ ಹೋಲಿಸಲು ಅಗಲದ ಟೈರಿಗೂ ಸುತ್ತಿದೆವು. ತುದಿಗಳ ನಡುವೆ ಮೂರು ಬೆರಳಿನ ಬಯಲು.

ಮಾನ್ವಿಯಲ್ಲಿ ಟೈರು ಬದಲಾಯಿಸಿ, ಮತ್ತೆ ಚೀಲಗಳನ್ನು ಕೂರಿಸಿ, ಬಾನೆಟ್ ಒತ್ತಿ, ಸ್ಟೇರಿಂಗ್ ತಿರುಗಿಸಿದರು. ಅಕ್ಕ ಎರಡು ಬೆರಳು ತೂರಿಸಿದಳು. ಹೋದವು. ಮಗನನ್ನು ಕರೆದು ಅವನ ಬೆರಳನ್ನೂ ತೂರಿಸಿದಳು. ಅವನು ಎದ್ದು ಅಂಗೈ ಒರೆಸಿಕೊಂಡು ಚಾವಿ ಕೊಟ್ಟ. “ರಾಯಚೂರು ತನಾ ಅಷ್ಟ,” ಎಂದ.

ಅವನು ಅಕ್ಕನ ಪಕ್ಕ ಕೂತ; ನಾನು ಅವನ ಬೈಕ್ ಓಡಿಸಿಕೊಂಡು ಕಾರಿನ ಹಿಂದೆ ಹೊರಟೆ. ಕಾರಿನ ಒಳಗಿಂದ ನೋಡಿದ್ದ ತಿರುವನ್ನು ಈ ಸಲ ಹೊರಗಿಂದ ನೋಡಬೇಕಿತ್ತು. ಸೇತುವೆಯ ಮೇಲೆ ಕೆಂಪು ಕಾರು ಒಂದು ಕ್ಷಣ ಎತ್ತರದಲ್ಲಿ ಕಂಡಿತು. ಮೂತಿ ತಗ್ಗಿಸಿತು. ಪಕ್ಕದ ಸೀಟಿನಲ್ಲಿ ಅಳಿಯನ ಎರಡೂ ಕೈ ಬಾಗಿಲನ್ನು ಹಿಡಿದುಕೊಂಡವು. ನಾನು ಬೈಕಿನ ವೇಗ ಇಳಿಸಿ ಕಿವಿಗೊಟ್ಟೆ. ಕಾಲುವೆಯ ನೀರಿನ ಸದ್ದು ಕೇಳಿಸಿತು. ಕಾರು ರಸ್ತೆಯ ಜೊತೆಗೇ ಎಡಕ್ಕೆ ಹೊರಳಿ ಹೋಯಿತು. ಹುಲ್ಲಿನ ರಾಶಿಯ ಬಳಿಯಿದ್ದ ಆ ಹೆಂಗಸು ಕೈಯೆತ್ತಿ, “ಇವತ್ತು ಬ್ಯಾಡೇನು?” ಎಂದು ಕೂಗಿದಳು.

ರಾಯಚೂರಿನ ಮನೆಯ ಮುಂದೆ ಅಕ್ಕ ಎಂಜಿನ್ ನಿಲ್ಲಿಸಿ, ರಾಯಚೂರು ತನಕ ಎಂಬ ಮಾತಿನಂತೆ ಚಾವಿ ತೆಗೆದು ಮಗನ ಮುಂದೆ ಹಿಡಿದಳು. “ಹೇಳಪ್ಪಾ. ಏನ್ ಕೇಳಿಸ್ತು?”

ಅವನು ನನ್ನ ಕಡೆ ನೋಡಿದ. “ಮಾಮಾ, ನೀವು ಹಿಂದಿದ್ರಿ…”

“ನನ್ನ ಕೇಳಬ್ಯಾಡ,” ಎಂದೆ. “ನಾ ಅಂಜಿದವ. ಇವತ್ತಿನ ಸಾಕ್ಷಿ ನೀನು.”

“ಏನೂ ಕೇಳಿಸ್ಲಿಲ್ಲ,” ಎಂದ. ಚಾವಿಯನ್ನು ಮುಟ್ಟಲಿಲ್ಲ. ಇಳಿದವನು ಕಾರನ್ನು ಒಂದು ಸುತ್ತು ಹಾಕಿ ಬಂದು, ಮಡ್‌ಗಾರ್ಡಿನ ಮೇಲೆ ಕೈಯಾಡಿಸಿ, ಬಹಳ ಸಹಜವೆಂಬಂತೆ ಕೇಳಿದ. “ಯವ್ವಾ, ದೇವದುರ್ಗಕ್ಕ ಯಾವಾಗ ಹೊಂಟೀದಿ?”

ದೇವದುರ್ಗದಲ್ಲಿ ಅಕ್ಕನ ಮೊದಲ ನೌಕರಿಯ ಗೆಳತಿಯೊಬ್ಬಳಿದ್ದಾಳೆ. ಅವಳಿಗೆ ಕಾರು ತೋರಿಸುವುದಾಗಿ ಅಕ್ಕ ಮಾತು ಕೊಟ್ಟಿದ್ದಳು. ಪಕ್ಕದ ಸೀಟು ನನ್ನದೆಂದೂ ಮೊದಲೇ ಆಗಿತ್ತು.

“ಐತಾರ,” ಎಂದಳು ಅಕ್ಕ. ನನ್ನನ್ನು ನೋಡಿದಳು, ಮಗನನ್ನು ನೋಡಿದಳು. ಕಾರಿನಲ್ಲಿ ಇದ್ದದ್ದು ಎರಡೇ ಸೀಟು.

ಭಾನುವಾರ ನಾನು ದೇವದುರ್ಗಕ್ಕೆ ಬಸ್ಸಿನಲ್ಲಿ ಹೋದೆ. ದಾರಿಯ ಗಬ್ಬೂರಿನಲ್ಲಿ ಬಸ್ಸು ನಿಂತಾಗ ಕಿಟಕಿಯ ಕೆಳಗೇ ಕೆಂಪು ಕಾರು ಹಾದುಹೋಯಿತು. ಅಕ್ಕ ತಲೆಗೆ ಸೆರಗು ಬಿಗಿದು ರಸ್ತೆಯನ್ನೇ ನೋಡುತ್ತಿದ್ದಳು. ಅಳಿಯನ ಕೈಗಳು ಈ ಸಲ ಬಾಗಿಲ ಮೇಲಿರಲಿಲ್ಲ. ಒಂದು ಕೈಯಲ್ಲಿ ಸುಲಿದ ಶೇಂಗಾ ಇತ್ತು, ಇನ್ನೊಂದರಿಂದ ಅವ್ವನಿಗೆ ಕೊಡುತ್ತಿದ್ದ. ನಾನು ಅಭ್ಯಾಸದಂತೆ ಗಾಲಿಯನ್ನು ನೋಡಿದೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆಳಕು ಕಾಣುತ್ತಿತ್ತು.