ನೀರು ಸೋಕದ ಔತಣ

ನೆನೆಹಾಕಿದ ಸುಣ್ಣದ ಮೇಲೆ ಬೆಳಗಾಗುವಷ್ಟರಲ್ಲಿ ತೆಳ್ಳನೆಯ ಪೊರೆ ಕಟ್ಟಿರುತ್ತದೆ. ಬೆರಳು ತಾಗಿಸಿದರೆ ಗಾಜಿನಂತೆ ಬಿರಿಯುತ್ತದೆ, ಸದ್ದಿಲ್ಲದೆ.

ಈ ಸಲ ದೀಪಾವಳಿಗೆ ಆದೋನಿಗೆ ಬಂದಾಗ ನಮ್ಮ ಮನೆಯಲ್ಲಿ ಸುಣ್ಣ ಬಳಿಯುವ ಕೆಲಸ ನಡೆದಿತ್ತು. ಬೀದಿಯ ಕಡೆಯ ಎರಡು ಕೋಣೆಗಳಿಗೆ ಹೊಸ ಬಾಡಿಗೆಯವರು ಬರುವವರಿದ್ದರು. ಹಿತ್ತಲಲ್ಲಿದ್ದ ಸುಣ್ಣದ ಡಬ್ಬಿಯ ಮೇಲೆ ಬಗ್ಗಿದೆ. ಆ ಹಸಿ ವಾಸನೆಯ ಜೊತೆಗೆ ಮೂಗು ಇನ್ನೊಂದು ವಾಸನೆಯನ್ನು ಹುಡುಕಿತು. ಬೇಯುತ್ತಿರುವ ಗೋವಿನಜೋಳದ ವಾಸನೆ... ಸುಣ್ಣದ ನೀರಿನಲ್ಲಿ ಜೋಳ ಕುದಿಸಿದ್ದನ್ನು ನಾನು ಒಮ್ಮೆ ಮಾತ್ರ ಕಂಡಿದ್ದೇನೆ. ಹಿಂದೆ ಅದೇ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದ ಅಕ್ಕ ಕುದಿಸಿದ್ದಳು.

ಆಗ ನಾನು ಹೈಸ್ಕೂಲಿನಲ್ಲಿದ್ದೆ. ಅಕ್ಕ ಹಾಲಹರವಿ ಕಡೆಯವಳು, ಕುರಿ ಸಾಕುವ ಮನೆತನ. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ಕೃಷಿ ಓದಿ, ಸರ್ಕಾರಿ ಕೆಲಸಕ್ಕೆ ಸೇರಿ, ಗೋವಿನಜೋಳದ ತಳಿಗಳ ತರಬೇತಿಗೆಂದು ಕೆಲವು ತಿಂಗಳು ಮೆಕ್ಸಿಕೋ ದೇಶಕ್ಕೂ ಹೋಗಿ ಬಂದಿದ್ದಳು. ನಮ್ಮ ಓಣಿಯವರಿಗೆ ಅದು ಯಾವ ದಿಕ್ಕಿನಲ್ಲಿದೆ ಎಂಬುದೂ ತಿಳಿದಿರಲಿಲ್ಲ. ತಿಳಿದುಕೊಳ್ಳಬೇಕೆಂಬ ಹಂಬಲ ಎಲ್ಲರಿಗಿಂತ ಹೆಚ್ಚಾಗಿದ್ದದ್ದು ನನ್ನ ಅಜ್ಜಿಗೆ.

ಸಂಜೆಯಾದರೆ ಇಬ್ಬರೂ ಅಂಗಳದ ಕಟ್ಟೆಯ ಮೇಲೆ ಕೂರುತ್ತಿದ್ದರು, ನಡುವೆ ಒಂದು ಮಾರು ಬಿಟ್ಟು.

"ಅಲ್ಲೆ ತುಳಸಿ ಅದನ?" ಎಂದು ಅಜ್ಜಿ ಕೇಳುತ್ತಿದ್ದಳು.

"ತುಳಸಿ ಕಾಣಲಿಲ್ರಿ ಅಮ್ಮಾರ. ಹತ್ತಿ ಐತಿ, ಮೆಣಸಿನಕಾಯಿ ಐತಿ. ಕಳ್ಳಿ ಅಂತೂ ನಮ್ಮೂರಿಗಿಂತ ಜಾಸ್ತಿ ಐತಿ. ಮುಳ್ಳು ತೆಗೆದು ಸುಟಗೊಂಡು ತಿಂತಾರ."

"ಕಳ್ಳಿ ತಿಂತಾರ? ಹಂಗಿದ್ದರ ನಿಮ್ಮ ಹಾಲಹರವಿಯವರು ಅಲ್ಲೆ ಸಾಹುಕಾರರು ಬಿಡು."

ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇಷ್ಟು ಸಲಿಗೆಯಿದ್ದರೂ ಅಜ್ಜಿ ಆಕೆಯ ಮನೆಯಲ್ಲಿ ಒಂದು ತುತ್ತು ತಿಂದವಳಲ್ಲ. ಅಜ್ಜಿಯದು ಮಡಿಯ ಬದುಕು. ಅದರ ಕಟ್ಟಳೆಗಳಿಗೆ ಒಂದು ಲೆಕ್ಕಾಚಾರವೂ ಇತ್ತು. ನೀರಿನಲ್ಲಿ ಬೆಂದದ್ದು ಮುಸುರೆ, ಬೇರೆಯವರ ಕೈಯಿಂದ ಅದು ಬೇಡ. ಹಣ್ಣು ನಡೆಯುತ್ತದೆ. ನೀರು ಸೋಕಿಸದೆ ಕೆಂಡದಲ್ಲಿ ಸುಟ್ಟದ್ದು ನಡೆಯುತ್ತದೆ. ಹಿಟ್ಟನ್ನು ನೀರಿನ ಬದಲು ಹಾಲಿನಲ್ಲಿ ಕಲಸಿದರೆ ಅದೂ ನಡೆಯುತ್ತದೆ. ಉಪ್ಪನ್ನು ಮಾತ್ರ ತಿನ್ನುವಾಗ ತಾವೇ ಹಾಕಿಕೊಳ್ಳಬೇಕು. ಅಕ್ಕ ಇದನ್ನೆಲ್ಲ ಪಾಠದಂತೆ ಕೇಳಿಸಿಕೊಳ್ಳುತ್ತಿದ್ದಳು.

ಆಕೆಗೆ ನಂದ್ಯಾಲಕ್ಕೆ ವರ್ಗವಾಯಿತು. ಹೊರಡುವ ಮುಂಚೆ ಕಚೇರಿಯ ನಾಲ್ಕು ಜನರನ್ನು ಕರೆದು ಒಂದು ಪಾರ್ಟಿ ಮಾಡಬೇಕೆಂದಳು. ಆಮೇಲೆ ದನಿ ತಗ್ಗಿಸಿ, "ಅಮ್ಮಾರ, ಇಷ್ಟು ವರ್ಷ ನಿಮ್ಮ ನೆರಳಿನಾಗ ಇದ್ದೀನಿ. ಒಂದು ಸಲ ನನ್ನ ಕೈಲೆ ಮಾಡಿದ್ದು ತಿನ್ರಿ. ಇಲ್ಲಂದ್ರ ನಾ ಇಲ್ಲಿ ಇದ್ದಂಗ ಆಗಲಿಲ್ಲ ನೋಡ್ರಿ," ಎಂದಳು.

"ನಿನ್ನ ಮ್ಯಾಲೆ ಸಿಟ್ಟೇನು ನನಗ? ನಿಯಮ ಅದ."

"ನಿಯಮದೊಳಗ ಮಾಡಿದ್ರ?"

ಅಜ್ಜಿ, "ಮಾಡು. ನೋಡೋಣಂತ," ಎಂದಳು.

ಮೆಕ್ಸಿಕೋದ ಹಳ್ಳಿಯೊಂದರಲ್ಲಿ ಹಬ್ಬಕ್ಕೆ ಕರೆದಿದ್ದವರು ಎಲ್ಲವನ್ನೂ ಅಂಗಳದಲ್ಲೇ ಕೆಂಡದ ಮೇಲೆ ಸುಟ್ಟು, ನಿಂತಲ್ಲೇ ಕೈಗೆ ಕೊಟ್ಟಿದ್ದರಂತೆ. ತಟ್ಟೆಯಿಲ್ಲ, ಎಲೆಯಿಲ್ಲ. ಅದನ್ನೇ ಇಲ್ಲಿ ಮಾಡುವುದೆಂದು ಅಕ್ಕ ನಿಶ್ಚಯಿಸಿದಳು. ಎಣ್ಣೆ ಮಿಲ್ಲಿನ ಹಳೆಯ ಡ್ರಮ್ಮನ್ನು ಉದ್ದಕ್ಕೆ ಸೀಳಿಸಿ, ಮೇಲೆ ಕಬ್ಬಿಣದ ಸರಳುಗಳನ್ನು ಹೊಂದಿಸಿದಳು. ಹತ್ತಿಕಟ್ಟಿಗೆ ಬೇಗ ಬೂದಿಯಾಗುತ್ತದೆಂದು ಜಾಲಿಯ ಇದ್ದಿಲು ತರಿಸಿದಳು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಮೊದಲೇ ಹೊರಗುಳಿದವು. ಅಲ್ಲಿಯವರು ಅಲಸಂದೆಯಂಥ ಒಂದು ಕಾಳು ಹಾಕುತ್ತಾರಂತೆ. ನೀರಿನಲ್ಲಿ ಬೇಯಿಸಬೇಕಾಗುತ್ತದೆಂದು ಅದನ್ನೂ ಬಿಟ್ಟಳು. ಹಿಟ್ಟನ್ನು ಹಾಲಿನಲ್ಲಿ ಕಲಸೋಣವೆಂದರೆ ಅದು ಚಾತುರ್ಮಾಸ್ಯದ ಕ್ಷೀರವ್ರತದ ತಿಂಗಳು, ಅಜ್ಜಿಗೆ ಹಾಲು ವರ್ಜ್ಯ. ಒಂದು ದಿನ ಯೋಚಿಸಿ ತೆಂಗಿನಕಾಯಿಯ ನೀರನ್ನು ಕಂಡುಹಿಡಿದಳು. "ಹಾಲು ಬ್ಯಾಡ, ಮೊಸರು ಬ್ಯಾಡ, ತುಪ್ಪನೂ ಬ್ಯಾಡ. ಅನುಮಾನಕ್ಕ ಜಾಗಾನ ಇರಬಾರದು ನೋಡು," ಎಂದು ನನಗೆ ಹೇಳಿದಳು.

ಹಿಂದಿನ ದಿನ ನಾನೂ ಆಕೆಯ ಜೊತೆ ಕೂತು, ಸುಣ್ಣದ ನೀರಿನಲ್ಲಿ ಕುದಿಸಿದ ಗೋವಿನಜೋಳದ ಕಾಳಿನ ಸಿಪ್ಪೆಯನ್ನು ಅಂಗೈಯಲ್ಲಿ ತಿಕ್ಕಿ ತೆಗೆದೆ. ಹಾಗೆ ಮಾಡಿದರೇನೇ ಗೋವಿನಜೋಳದ ಹಿಟ್ಟಿಗೆ ಜಿಗುಟು ಬರುತ್ತದೆಂದು ಅಕ್ಕ ವಿವರಿಸಿದಳು. ಇಬ್ಬರೂ ಅದರಲ್ಲೇ ಮುಳುಗಿದ್ದೆವು.

ಮರುದಿನ ಹೊತ್ತು ಇಳಿಯುವಾಗ ಅಂಗಳ ತುಂಬ ಹೊಗೆ. ಸುಟ್ಟ ತೆನೆಗಳಿಗೆ ನಿಂಬೆರಸ, ಕೆಂಪು ಖಾರ. ಹುರಿದ ಶೇಂಗಾಪುಡಿ ತುಂಬಿ ಸುಟ್ಟ ದಪ್ಪ ಮೆಣಸಿನಕಾಯಿ. ಅಂಗೈಗಿಂತ ಚಿಕ್ಕ ಗೋವಿನಜೋಳದ ರೊಟ್ಟಿಗಳು, ಅವುಗಳ ಮೇಲೆ ಕೆಂಡದಲ್ಲಿ ಸುಟ್ಟು ಅರೆದ ಟೊಮೇಟೊ ಚಟ್ನಿ. ಪಕ್ಕದ ಬಟ್ಟಲಲ್ಲಿ ಉಪ್ಪು. ಕಚೇರಿಯ ಗುಮಾಸ್ತರೊಬ್ಬರು ರೊಟ್ಟಿಯನ್ನು ತಿರುಗಿಸಿ ನೋಡಿ, "ಮೇಡಂ, ಉಲ್ಲಿಗಡ್ಡ ಲೇಕುಂಡಾ ಪಾರ್ಟೀನಾ?" ಎಂದರು. ಉಳ್ಳಾಗಡ್ಡಿಯೇ ಇಲ್ಲದ ಪಾರ್ಟಿಯೇ ಎಂದು ಅವರ ಸಂಕಟ.

"ಮೊದಲು ತಿನ್ರಿ ಸಾರ್, ಆಮ್ಯಾಲೆ ಅಳೀರಂತ," ಎಂದಳು ಅಕ್ಕ.

ಅಜ್ಜಿ ಮಣೆ ಹಾಕಿಸಿಕೊಂಡು ಕೂತಳು. ಅಕ್ಕ ಸರಳುಗಳ ಮೇಲಿನಿಂದ ಒಂದು ರೊಟ್ಟಿಯನ್ನು ತೆಗೆದು, ಬಾಳೆಲೆಯ ತುಂಡಿನ ಮೇಲಿಟ್ಟು, ಮುಟ್ಟದಂತೆ ಅಜ್ಜಿಯ ಮುಂದೆ ಸರಿಸಿದಳು. ಅಜ್ಜಿ ಉಪ್ಪು ಉದುರಿಸಿಕೊಂಡು, ಮುರಿದು, ಬಾಯಿಗಿಟ್ಟಳು. ಅಗಿದಳು. ಅವಳ ಹುಬ್ಬು ಮೇಲೇರಿತು.

"ಗೋವಿನಜೋಳ ಅಂದರ ನನ್ನ ಹಲ್ಲಿಗೆ ಶತ್ರು. ಇದು ಇಷ್ಟು ಮೆತ್ತಗ ಹೆಂಗಾತು? ಸಿಪ್ಪಿ ಎಲ್ಲಿ ಹೋತು?"

ಅಕ್ಕನ ಮುಖ ಅರಳಿತು. "ಅದೇ ಗುಟ್ಟು ನೋಡ್ರಿ ಅಮ್ಮಾರ! ಕಾಳನ್ನ ಸುಣ್ಣದ ನೀರಿನಾಗ ಹಾಕಿ ಚೆಂದಗೆ ಕುದಿಸಿ..."

ಅಲ್ಲಿಗೆ ನಿಂತಳು. ಕುದಿಸಿ, ಎಂದವಳ ಬಾಯಿ ಹಾಗೆಯೇ ತೆರೆದಿತ್ತು. ಅಲಸಂದೆಯನ್ನು ಬಿಟ್ಟವಳು, ತೆಂಗಿನಕಾಯಿಗಳನ್ನು ಒಡೆದವಳು... ಕಾಳು ಕುದಿಸಿದ್ದನ್ನು ಆಕೆ ಅಡುಗೆಯೆಂದು ಎಣಿಸಿಯೇ ಇರಲಿಲ್ಲ. ತರಬೇತಿಯಲ್ಲಿ ಅದನ್ನು ಕಾಳು ಹದ ಮಾಡುವ ವಿಧಾನವೆಂದು ಕಲಿತಿದ್ದಳು, ಹಾಗೆಯೇ ಮನಸ್ಸಿನಲ್ಲಿ ಉಳಿದಿತ್ತು. ಒಲೆ, ನೀರು, ಪಾತೇಲಿ ಎಲ್ಲವೂ ಕಣ್ಣೆದುರಿಗಿದ್ದವು. ನನಗೂ ಹೊಳೆದಿರಲಿಲ್ಲ.

ಅಕ್ಕನ ಕಣ್ಣು ತುಂಬಿತು. "ತಪ್ಪಾತ್ರಿ ಅಮ್ಮಾರ. ನೀರಿನಾಗ ಬೆಂದದ್ದೇ ಇದು. ಉಗುಳಿಬಿಡ್ರಿ."

ಅಪ್ಪ ಒಂದು ತಂಬಿಗೆ ನೀರು ಹಿಡಿದುಕೊಂಡು ಓಡಿ ಬಂದರು. ಅಜ್ಜಿ ಕೈ ಅಡ್ಡ ಹಿಡಿದಳು. ನಿಧಾನವಾಗಿ ಅಗಿದಳು. ನುಂಗಿದಳು.

"ಇದಕ್ಕ ಪ್ರಾಯಶ್ಚಿತ್ತ ಏನೋ?" ಎಂದು ಅಪ್ಪನನ್ನು ಕೇಳಿದಳು.

"ಪಂಚಗವ್ಯ ತಗೋಬೇಕವಾ."

"ಒಂದು ತಿಂದರ?"

"ಒಂದಕ್ಕೂ ಅದೇ, ಹತ್ತಕ್ಕೂ ಅದೇ. ಆದರ ಪಂಚಗವ್ಯದಾಗ ಹಾಲು ಇರತದಲ್ಲ, ವ್ರತ ಮುಗಿಯೋ ತನಕ..."

"ಹಂಗಾರ ಅವಸರ ಏನಿಲ್ಲಂತಾತು," ಎಂದು ಅಜ್ಜಿ ಅಕ್ಕನ ಕಡೆ ತಿರುಗಿದಳು. "ಯಾಕ ನಿಂತಿ? ಇನ್ನೊಂದು ಹಾಕು. ಚಟ್ನಿ ಸ್ವಲ್ಪ ಜಾಸ್ತಿ ಇರಲಿ."

ಅಕ್ಕ ಅಳುತ್ತಲೇ ನಕ್ಕಳು. ಗುಮಾಸ್ತರಿಗೆ ಏನಾಯಿತೆಂದು ತಿಳಿಯಲೇ ಇಲ್ಲ. ಅವರು ಅಷ್ಟರಲ್ಲಿ ನಾಲ್ಕು ಮೆಣಸಿನಕಾಯಿ ಮುಗಿಸಿ ಮೂಗು ಒರೆಸಿಕೊಳ್ಳುತ್ತಿದ್ದರು.

ವ್ರತ ಮುಗಿದ ಮೇಲೆ ಅಜ್ಜಿ ಶಾಸ್ತ್ರೋಕ್ತವಾಗಿ ಪಂಚಗವ್ಯ ತೆಗೆದುಕೊಂಡಳು. ಅಷ್ಟು ಹೊತ್ತಿಗೆ ಅಕ್ಕ ಊರು ಬಿಟ್ಟಾಗಿತ್ತು. ಅಜ್ಜಿ ಆ ಸಂಜೆ ನಿಯಮವನ್ನು ಮುರಿದಳೋ, ನಿಯಮದೊಳಗೇ ಒಂದು ಕಿಂಡಿಯನ್ನು ಕಂಡಳೋ... ಕೇಳಬೇಕೆಂದು ನಾನು ಅಂದುಕೊಳ್ಳುತ್ತಿದ್ದೆ. ಕೇಳುವಷ್ಟು ದೊಡ್ಡವಳಾಗುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಬೇರೆ ಯಾರ ಮನೆಯಲ್ಲೂ ಅವಳು ಮತ್ತೆ ಹಾಗೆ ತಿಂದದ್ದನ್ನು ನಾನು ಕಾಣಲಿಲ್ಲ.

ಸುಣ್ಣ ಬಳಿಯುವವರು ಹೋದ ಮೇಲೆ, ಸಂಜೆ, ಅಕ್ಕ ಈಗ ಎಲ್ಲಿದ್ದಾಳೆಂದು ಅಮ್ಮನನ್ನು ಕೇಳಿದೆ.

ಅಮ್ಮ ಕೈಯಲ್ಲಿದ್ದ ಹೂಬತ್ತಿಯನ್ನು ಕೆಳಗಿಟ್ಟಳು. "ನಿನಗ ಹೇಳಲಿಲ್ಲೇನು ನಾವು? ಹೋದ ಬ್ಯಾಸಿಗಿಯೊಳಗ ತೀರಿಕೊಂಡಳವಾ. ಜಡ್ಡಾಗಿತ್ತಂತ. ತಾಯಿ ಹಾಲಹರವಿಯೊಳಗ ಇದ್ದಾಳ, ಮಗನ ಮನ್ಯಾಗ."

ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಖಾಲಿ ಕೋಣೆಗಳ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಬಂದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹಾಲಹರವಿಗೆ ಹೋದೆ. ಕೇಳುತ್ತ ಹೋದರೆ ಮನೆ ಸಿಕ್ಕಿತು. ಮಗ ಕುರಿ ಹೊಡೆದುಕೊಂಡು ಹೋಗಿದ್ದ. ತಾಯಿ ಒಲೆಯ ಮುಂದಿದ್ದರು. ಯಾರ ಮನೆಯವಳೆಂದು ಹೇಳಿದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಎದ್ದು, "ತಡಿಯವ್ವ, ಅಂಗಡಿಗೆ ಹೋಗಿ ಬಾಳೆಹಣ್ಣು ತರ್ತೀನಿ. ನಮ್ಮ ಮನ್ಯಾಗ ಮತ್ತೇನೂ ನಿಮಗ..." ಎಂದರು.

"ರೊಟ್ಟಿ ಕೊಡ್ರಿ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಮತ್ತೆ ಕೂತು, ತಟ್ಟಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಅದರ ಮೈಗೆಲ್ಲ ನೀರು ಸವರಿದರು. ನಾನು ಕೈ ತೊಳೆದುಕೊಂಡು ಒಲೆಯ ಪಕ್ಕದಲ್ಲಿ ಕೂತೆ.